ಶೇಂಗಾ ಹೊಟ್ಟು, ಭುಟ್ಟಾ ಸಿಪ್ಪೆ ಮತ್ತು ಮೊಲದ ಮರಿ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಸಾಕುಪ್ರಾಣಿಗಳ ಬಗ್ಗೆ ಮಾತಾಡಿ ಎಂದು ಕರೆ ಬಂದಾಗ, ನಾಯಿ ಬೆಕ್ಕಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಮೊಲದ ಮರಿಯ ಮೇವಿನ ಬಗ್ಗೆ ಮಾತ್ರ ಹೇಳುತ್ತೇನೆ ಎಂದೆ. ಕಾರಣ ಇದೆ. ಕಾಂದಿವಲಿಯ ನಮ್ಮ ಕಟ್ಟಡವೊಂದರಲ್ಲೇ ಎರಡು ವರ್ಷದಲ್ಲಿ ಐದು ಮರಿ ಸತ್ತವು. ಎಲ್ಲವೂ ಮನೆಗೆ ತಂದ ಹದಿನೈದು ದಿನದೊಳಗೆ, ಎಲ್ಲವೂ ಭೇದಿಯಾಗಿ. ಮಕ್ಕಳು ಅತ್ತ ಪರಿ ನೋಡಲಾಗುತ್ತಿರಲಿಲ್ಲ.

ಮರಿ ತಾಯಿಹಾಲು ಬಿಡುವುದು ನಾಲ್ಕರಿಂದ ಆರು ವಾರಕ್ಕೆ. ಆಗಷ್ಟೇ ಅದರ ಹೊಟ್ಟೆ ಹುಲ್ಲು ಅರಗಿಸಲು ಕಲಿಯುತ್ತಿರುತ್ತದೆ. ಸರಿಯಾಗಿ ಆ ಹೊತ್ತಿಗೆ ನಾವು ಬ್ರೆಡ್ಡು, ಬಿಸ್ಕತ್ತು, ಚಪಾತಿ ಹಾಕುತ್ತೇವೆ. ಕಾರ್ಟೂನು ನೋಡಿ ಗಜ್ಜರಿ ಹಾಕುತ್ತೇವೆ. ಮೊಲದ ಹೊಟ್ಟೆ ಕುದುರೆಯದರ ಹಾಗೆ. ದೊಡ್ಡ ಕರುಳು ಶುರುವಾಗುವಲ್ಲಿ ಒಂದು ಚೀಲ, ಅದರ ತುಂಬ ಸೂಕ್ಷ್ಮಜೀವಿಗಳು. ನಾರು ಹೋದರೆ ಒಳ್ಳೆಯವು ಉಳಿಯುತ್ತವೆ, ಹಿಟ್ಟು ಸಕ್ಕರೆ ಹೆಚ್ಚಾದರೆ ಕೆಟ್ಟವು ಏಳುತ್ತವೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸವೆಯಲು ಒರಟು ಮೇವೇ ಬೇಕು. ಮತ್ತೆ, ಅದು ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದನ್ನು ಕಂಡು ಹೇಸಬೇಡಿ. ಆಕಳು ಮೆಲುಕು ಹಾಕಿದಂತೆ ಎಂದುಕೊಳ್ಳಿ.

ನಾರು ಎಲ್ಲಿಂದ ತರುವುದು? ಪ್ಯಾಕೆಟ್ಟಿನ ಹುಲ್ಲು ದುಬಾರಿ. ನಮ್ಮ ಕಡೆಯ ಕುದುರೆ ಮಸಾಲೆ, ಅಂದರೆ ಇಲ್ಲಿನವರ ಲಸೂಣ್ ಘಾಸ್, ಫ್ಲ್ಯಾಟಿನಲ್ಲಿರುವವರಿಗೆ ದಿನಾ ಸಿಗುವಂಥದ್ದಲ್ಲ. ನಾನು ಗದಗ ಕಡೆಯವಳು. ಶೇಂಗಾ ಕಿತ್ತು ಕಾಯಿ ಬಿಡಿಸಿದ ಮೇಲೆ ಉಳಿದ ಬಳ್ಳಿಯನ್ನು ಒಣಗಿಸಿ ಬಣವೆ ಒಟ್ಟಿ ಎತ್ತಿಗೆ ಹಾಕುತ್ತೇವೆ. ಅದೇ ಶೇಂಗಾ ಹೊಟ್ಟು. ಜೋಳದ ಕಣಕಿಯಲ್ಲಿ ಪ್ರೋಟೀನು ನೂರಕ್ಕೆ 4ರ ಆಸುಪಾಸು. ಎಲೆ ಉದುರದಂತೆ ಒಣಗಿಸಿದ ಶೇಂಗಾ ಬಳ್ಳಿಯಲ್ಲಿ 10ರ ಆಸುಪಾಸು. ಊರಿಂದ ಬಸ್ಸಿಗೆ ಬರುವವರ ಕೈಯಲ್ಲಿ ಒಂದು ಚೀಲ ತರಿಸಿದೆ. “ಜನ ಊರಿಂದ ಕಡಕ್ ರೊಟ್ಟಿ ತರಿಸಿದರೆ ನೀನು ಹೊಟ್ಟು ತರಿಸುತ್ತೀಯಲ್ಲ” ಎಂದು ನಮ್ಮವರು ನಕ್ಕರು. ಮರಿಗಳು ನಗಲಿಲ್ಲ, ತಿಂದವು.

ಆದರೆ ಹೊಟ್ಟೊಂದೇ ಸಾಲದು. ಬೆಳೆಯುವ ಮರಿಗೆ ಪ್ರೋಟೀನು ನೂರಕ್ಕೆ 16ರಷ್ಟು ಬೇಕು. ಅದಕ್ಕೇ ಹೊಟ್ಟು ಸದಾ ಮುಂದಿರಲಿ, ಜೊತೆಗೆ ಮೊಲದ ಪೆಲೆಟ್ ಅಳತೆಯಲ್ಲಿ ಕೊಡಿ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಶುರುವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಮೊಲಗಳ ಮೇಲೂ ಕೆಲಸ ಮಾಡುತ್ತದೆ; ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ ಅದರ ಕೇಂದ್ರವಿದೆ. ಮೊಲ ಬರೀ ಮಕ್ಕಳ ಆಟಿಕೆಯಲ್ಲ ಎನ್ನಲು ಈ ಮಾತು ಹೇಳಿದೆ.

ಇಲ್ಲಿಯ ಕಷ್ಟವೆಂದರೆ ಮಳೆ. ಜೂನ್ ಬಂತೆಂದರೆ ಹೊಟ್ಟು ತೇವ ಎಳೆದು ಬೂಷ್ಟು ಹಿಡಿಯುತ್ತದೆ. ಬೂಷ್ಟಿನಲ್ಲಿ ವಿಷವಿರುತ್ತದೆ, ಕೊಡವಿ ಹಾಕುತ್ತೇನೆ ಎನ್ನಬೇಡಿ, ಎಸೆದುಬಿಡಿ. ನಾನು ಮಳೆಗಾಲದಲ್ಲಿ ಮೂಲೆಯ ಭುಟ್ಟಾವಾಲಾನ ಹತ್ತಿರ ಹೋಗುತ್ತೇನೆ. ಅವನು ಸುಲಿದು ಬಿಸಾಡುವ ಹಸಿರು ಸಿಪ್ಪೆ ಒಳ್ಳೆಯ ಮೇವು, ಕಾಸೂ ಕೇಳುವುದಿಲ್ಲ. ಚಳಿಗಾಲದಲ್ಲಿ ಭಾಜಿ ಮಾರ್ಕೆಟ್ಟಿನಲ್ಲಿ ಮೂಲಂಗಿ ಸೊಪ್ಪು, ಗಜ್ಜರಿ ಸೊಪ್ಪು ರಾಶಿ ಬಿದ್ದಿರುತ್ತದೆ. ಫ್ಲವರಿನ ಎಲೆ ಮಾತ್ರ ಸ್ವಲ್ಪವೇ, ಹೊಟ್ಟೆ ಉಬ್ಬರಿಸುತ್ತದೆ. ಯಾವುದೇ ಇರಲಿ, ಔಷಧಿ ಹೊಡೆದಿರುತ್ತಾರೆ, ಎರಡು ನೀರಿನಲ್ಲಿ ತೊಳೆದು ನೀರು ಆರಿಸಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯ ಮೊಳಕೆ, ಟೊಮೆಟೊ ಎಲೆ ಬೇಡವೇ ಬೇಡ.

ಹೊಸ ಮೇವನ್ನು ಮೊದಲ ದಿನ ನಾಲ್ಕು ಎಳೆ ಹಾಕಿ, ಹಿಕ್ಕೆ ಗಟ್ಟಿಯಿದ್ದರೆ ಮಾರನೆಯ ದಿನ ಎಂಟು. ಹೀಗೆ ಎಂಟು ಹತ್ತು ದಿನ ಹಿಡಿಯಲಿ. ಅರ್ಧ ದಿನ ಏನೂ ತಿನ್ನದೆ ಮುದುರಿ ಕುಳಿತರೆ ಸಂಜೆವರೆಗೆ ಕಾಯಬೇಡಿ, ಡಾಕ್ಟರ ಬಳಿ ಒಯ್ಯಿರಿ. ಹತ್ತಿರ ಯಾರೂ ಇಲ್ಲವೆಂದರೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಇದೆ.

ಬಾಗಿಲ ಹತ್ತಿರ ಚಹಾದ ಮೇಜಿನ ಪಕ್ಕ ಒಂದು ಚೀಲ ಹೊಟ್ಟು ಇಟ್ಟಿದ್ದೇನೆ. ಮನೆಯಲ್ಲಿ ಮೊಲ ಇರುವವರು ಒಂದೊಂದು ಹಿಡಿ ಒಯ್ಯಿರಿ. ಮೊದಲು ಮೂಸಿ ನೋಡಿ, ಒಣ ಹುಲ್ಲಿನ ವಾಸನೆ ಬರಬೇಕು.