ಪಕ್ಕದ ಮಂಚದವರ ಮಾತ್ರೆ ನಮಗೇಕಿಲ್ಲ?

(ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಏರ್ಪಡಿಸಿದ್ದ ಮಾಹಿತಿ ಸಭೆಯಲ್ಲಿ ಆಸ್ಪತ್ರೆಯ ಶುಶ್ರೂಷಾ ಬೋಧಕಿ ನೀಡಿದ ಉಪನ್ಯಾಸ)



ವಾರ್ಡಿನಲ್ಲಿ ನನ್ನನ್ನು ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಇದು: "ಸಿಸ್ಟರ್, ಪಕ್ಕದ ಮಂಚದ ಅಜ್ಜಿಗೂ ಇದೇ ಕಾಯಿಲೆ. ಅವರಿಗೆ ದಿನಕ್ಕೊಂದು ಮಾತ್ರೆ ಸಾಕಂತೆ. ನಮ್ಮ ಅಪ್ಪಾಜಿಗೆ ಮಾತ್ರ ಕೀಮೋ ಏಕೆ?" ಬಡವರೆಂದು ಮಾತ್ರೆ ಕೊಡುತ್ತಿಲ್ಲವೇನೋ ಎಂಬ ಅನುಮಾನವೂ ಕೆಲವರಿಗೆ ಇರುತ್ತದೆ. ಕಾರಣ ಅದಲ್ಲ.

ನಿಮ್ಮ ಹೊಲದ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಸ್ಟಾರ್ಟರ್ ಕೆಟ್ಟು ಮೋಟಾರು ನಿಲ್ಲದೇ ಓಡಿದರೆ ಹೊಲವೆಲ್ಲ ನೀರಾಗುತ್ತದೆ. ಸ್ಟಾರ್ಟರ್ ಆಫ್ ಮಾಡಿದರೆ ನೀರು ನಿಲ್ಲುತ್ತದೆ. ಆದರೆ ಪಕ್ಕದ ಹೊಲದಲ್ಲಿ ನೀರು ತುಂಬಿದ್ದು ಕಾಲುವೆ ಒಡೆದು ಎಂದಾದರೆ, ಸ್ಟಾರ್ಟರ್ ಮುಟ್ಟಿ ಏನು ಪ್ರಯೋಜನ? ಕ್ಯಾನ್ಸರ್ ಜೀವಕೋಶದೊಳಗೂ ಹೀಗೆಯೇ. ಕೆಲವರ ಗಡ್ಡೆಯಲ್ಲಿ ಇ.ಜಿ.ಎಫ್.ಆರ್. ಎಂಬ ಜೀನ್ ಬದಲಾಗಿ, "ಬೆಳೆ, ಬೆಳೆ" ಎಂಬ ಸೂಚನೆ ನಿಲ್ಲದೇ ಹೋಗುತ್ತಿರುತ್ತದೆ. ಜೆಫಿಟಿನಿಬ್, ಎರ್ಲೋಟಿನಿಬ್, ಒಸಿಮೆರ್ಟಿನಿಬ್ ಮಾತ್ರೆಗಳು ಆ ಸೂಚನೆಯನ್ನೇ ತಡೆಯುತ್ತವೆ. ಇನ್ನು ಕೆಲವರಲ್ಲಿ ಎ.ಎಲ್.ಕೆ. ಎಂಬ ಜೀನ್ ಬದಲಾಗಿರುತ್ತದೆ. ಅದಕ್ಕೆ ಬೇರೆಯೇ ಮಾತ್ರೆ.

ಜೆಫಿಟಿನಿಬ್ ಕೆಲವರಿಗೆ ಮಾತ್ರ ಏಕೆ ಅಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದು 2004ರಲ್ಲಿ ತಿಳಿಯಿತು. 2009ರಲ್ಲಿ ಪೂರ್ವ ಏಷ್ಯಾ ದೇಶಗಳ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಜೀನ್ ಬದಲಾವಣೆ ಇದ್ದವರಲ್ಲಿ 100ಕ್ಕೆ ಸುಮಾರು 71 ಮಂದಿಗೆ ಈ ಮಾತ್ರೆಯಿಂದ ಗಡ್ಡೆ ಕುಗ್ಗಿತ್ತು. ಬದಲಾವಣೆ ಇಲ್ಲದವರಲ್ಲಿ? 100ಕ್ಕೆ ಒಬ್ಬರಿಗೆ ಮಾತ್ರ. ಅಂಥವರಿಗೆ ಕೀಮೋವೇ ಎಷ್ಟೋ ಮೇಲಾಗಿತ್ತು. ಆದ್ದರಿಂದ ಅಜ್ಜಿಯ ಮಾತ್ರೆ ನಿಮ್ಮ ತಂದೆಯವರಿಗೆ ಕೊಟ್ಟರೆ ಹಣದ ಜೊತೆಗೆ ಸಮಯವೂ ಹೋಗುತ್ತದೆ. ಸಮಯ ಹೋಗುವುದೇ ದೊಡ್ಡ ನಷ್ಟ.

ಬೀಡಿ, ಸಿಗರೇಟು ಮುಟ್ಟದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇ.ಜಿ.ಎಫ್.ಆರ್. ಬದಲಾವಣೆ ಹೆಚ್ಚಾಗಿ ಕಾಣುತ್ತದೆ. ಹಾಗೆಂದು ಮುಖ ನೋಡಿ ಹೇಳಲಾಗದು, ಸೇದುವವರಲ್ಲೂ ಇರಬಹುದು. "ಜೀನ್" ಎಂದ ಕೂಡಲೇ ಮಕ್ಕಳಿಗೂ ಬರುತ್ತದೆಯೇ ಎಂದು ತಾಯಂದಿರು ಅಳುತ್ತಾರೆ. ಈ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯಲ್ಲಿ ಮಾತ್ರ ಆದದ್ದು, ಹುಟ್ಟಿನಿಂದ ಬಂದದ್ದಲ್ಲ.

ಪರೀಕ್ಷೆಗೆ ಬೇಕಾದದ್ದು ಬಯಾಪ್ಸಿಯ ತುಣುಕು. ಅದನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, "ಬ್ಲಾಕ್" ಎನ್ನುತ್ತಾರೆ. ಬಯಾಪ್ಸಿ ಬೇರೆ ಊರಿನಲ್ಲಿ ಆಗಿದ್ದರೆ ವರದಿಯ ಹಾಳೆಯಷ್ಟೇ ಸಾಲದು, ಬ್ಲಾಕನ್ನೂ ಕೇಳಿ ತನ್ನಿ. ಎಷ್ಟೋ ಬಂಧುಗಳು ಇದೊಂದಕ್ಕಾಗಿಯೇ ಎರಡೆರಡು ಸಲ ಬಸ್ಸು ಹತ್ತುತ್ತಾರೆ. ತುಣುಕು ಸಾಲದಿದ್ದರೆ ರಕ್ತದಲ್ಲೂ ನೋಡಬಹುದು. ಆದರೆ ರಕ್ತದಲ್ಲಿ ಸಿಗಲಿಲ್ಲ ಎಂದರೆ ಗಡ್ಡೆಯಲ್ಲೂ ಇಲ್ಲ ಎಂದು ಅರ್ಥವಲ್ಲ. ವರದಿ ಬರಲು ಒಂದೆರಡು ವಾರ ಹಿಡಿಯಬಹುದು. ರೋಗಿ ಬಹಳ ಬಳಲಿದ್ದರೆ ವೈದ್ಯರು ಕಾಯದೇ ಕೀಮೋ ಆರಂಭಿಸುವುದೂ ಉಂಟು.

ಮಾತ್ರೆ ಹಿಡಿದ ಮೇಲೂ ಗಡ್ಡೆ ಸುಮ್ಮನಿರುವುದಿಲ್ಲ. ಜೆಫಿಟಿನಿಬ್‌ನಂಥ ಹಳೆಯ ಮಾತ್ರೆಗಳಲ್ಲಿ ಹೆಚ್ಚು ಕಡಿಮೆ ಒಂದು ವರ್ಷದ ಆಸುಪಾಸಿನಲ್ಲಿ ಅದು ಮತ್ತೆ ಬೆಳೆಯಲು ದಾರಿ ಹುಡುಕುತ್ತದೆ. ಹಾಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಹೊಸ ಬದಲಾವಣೆ ಕಾಣುತ್ತದೆ, ಅದಕ್ಕೆ ಒಸಿಮೆರ್ಟಿನಿಬ್ ಕೆಲಸ ಮಾಡುತ್ತದೆ. ಅದಕ್ಕೇ ವೈದ್ಯರು ಮತ್ತೊಮ್ಮೆ ಪರೀಕ್ಷೆ ಹೇಳುವುದು. "ಸೂಜಿ ಹಾಕಿದರೆ ಹರಡುತ್ತದೆ" ಎಂದು ಹೆದರಿ ಬೇಡವೆನ್ನಬೇಡಿ.

ಇ.ಜಿ.ಎಫ್.ಆರ್. ಮಾತ್ರೆ ನುಂಗುವವರಿಗೆ ಮುಖದ ಮೇಲೆ ಗುಳ್ಳೆ, ಭೇದಿ, ಉಗುರಿನ ಸುತ್ತ ಹುಣ್ಣು ಬರಬಹುದು. ನೀವೇ ನಿಲ್ಲಿಸಬೇಡಿ, ನಮಗೆ ತೋರಿಸಿ. ಎರ್ಲೋಟಿನಿಬ್ ಅನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್ ಮಾತ್ರೆಯನ್ನು ಕೇಳದೇ ಜೊತೆಗೆ ನುಂಗಬೇಡಿ. ಕೆಲವು ಔಷಧಿಗಳು ಮೈಗೆ ಹತ್ತುವುದಿಲ್ಲ. ಹೊಸದಾಗಿ ಉಬ್ಬಸ, ಒಣ ಕೆಮ್ಮು, ಜ್ವರ ಶುರುವಾದರೆ ಮಾತ್ರ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ. ಆ ದಿನವೇ ಬನ್ನಿ, ರಾತ್ರಿಯಾದರೂ ಸರಿ, ಮಾತ್ರೆಯ ಡಬ್ಬಿಯನ್ನೂ ಜೊತೆಗೆ ತನ್ನಿ.