ತಿರುಗುವ ಗಾಲಿಯೂ ನಮ್ಮ ಹೊಸ್ತಿಲೂ

ತಿರುಗುವ ವಸ್ತುಗಳಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಕುಂಬಾರನದು ತಿಗರಿ, ಬಾವಿಯದು ರಾಟೆ, ಬಂಡಿಯದು ಗಾಲಿ. ಹಳೆಯ ಮನೆಗಳಲ್ಲಿ ಕಬ್ಬಿಣದ ಬಿಜಾಗರಿ ಬರುವ ಮೊದಲು, ಬಾಗಿಲಿನ ಮೂಲೆಯ ಮರದ ಗೂಟವೊಂದು ಹೊಸ್ತಿಲಿನ ಕುಳಿಯಲ್ಲಿ ನಿಂತು ತಿರುಗುತ್ತಿತ್ತಲ್ಲ, ಅದು ತಿರುಗಣಿ. ಗಾಲಿ ಅಡ್ಡಲಾಗಿ ಮಲಗಿದ ಅಚ್ಚಿನ ಮೇಲೆ ತಿರುಗುತ್ತದೆ. ತಿರುಗಣಿಯದು ನೆಟ್ಟಗೆ ನಿಂತ ಕೀಲು. ಈ ಎರಡು ತಿರುಗಾಟಗಳನ್ನೂ ಒಂದು ಮುಷ್ಟಿಯಷ್ಟು ಜಾಗದಲ್ಲಿ ಕೂಡಿಸಿದ ಸಣ್ಣ ವಸ್ತುವೊಂದುಂಟು. ಅಂಗಡಿಯವರು ಅದನ್ನು ಕ್ಯಾಸ್ಟರ್ ಎನ್ನುತ್ತಾರೆ. ನಾವು ತಿರುಗುಗಾಲಿ ಎನ್ನೋಣ. ಬ್ಯಾಂಕಿನ ಕುರ್ಚಿಯ ಕೆಳಗೆ, ಆಸ್ಪತ್ರೆಯ ಸ್ಟ್ರೆಚರಿನ ಕೆಳಗೆ, ಅಡಿಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇಡುವ ತಟ್ಟೆಯ ಕೆಳಗೆ ಅದನ್ನು ನೀವು ನೋಡಿಯೇ ಇದ್ದೀರಿ. ನೋಡಿದ್ದೀರಿ, ಆದರೆ ಬಗ್ಗಿ ನೋಡಿರಲಾರಿರಿ.

ಇದರ ಬೆಲೆ ತಿಳಿಯಬೇಕಾದರೆ ಇದಿಲ್ಲದ ವಾಹನವನ್ನು ನೆನೆಯಬೇಕು. ನಮ್ಮ ಸೀಮೆಯ ಜಾತ್ರೆಗಳಲ್ಲಿ ರಥ ಎಳೆಯುವುದನ್ನು ಕಂಡಿದ್ದೀರಷ್ಟೆ. ನೂರಾರು ಜನ ಹಗ್ಗ ಹಿಡಿದರೆ ರಥ ಮುಂದಕ್ಕೆ ಬರುತ್ತದೆ. ಆದರೆ ತಿರುವಿನಲ್ಲಿ ಆ ನೂರಾರು ಜನರ ಬಲ ಸಾಲದು. ಅಚ್ಚು ರಥದ ಅಡಿಗೆ ಬಿಗಿಯಾಗಿ ಕೂತಿದೆ, ಗಾಲಿ ಅಕ್ಕಪಕ್ಕಕ್ಕೆ ಹೊರಳಲಾರದು. ಆಗ ಅನುಭವಸ್ಥನೊಬ್ಬ ಬಗ್ಗಿ, ಒಂದು ಬದಿಯ ಗಾಲಿಗೆ ಮರದ ತುಂಡನ್ನು ಅಡ್ಡ ಕೊಡುತ್ತಾನೆ. ಆ ಬದಿ ತಡೆಯುತ್ತದೆ, ಈ ಬದಿ ಮುಂದೆ ಸರಿಯುತ್ತದೆ, ರಥ ಅಂಗುಲ ಅಂಗುಲವಾಗಿ ದಿಕ್ಕು ಬದಲಿಸುತ್ತದೆ. ಹಗ್ಗ ಹಿಡಿದವರಿಗೆ ಪುಣ್ಯ. ಗಾಲಿಯ ಬುಡದಲ್ಲಿ ಕೈಯಿಟ್ಟವನಿಗೆ ಪುಣ್ಯದೊಡನೆ ಅಪಾಯವೂ ಉಂಟು.

ತಿರುಗುಗಾಲಿಗೆ ಹೀಗೆ ದಿಕ್ಕು ತೋರಿಸುವವರು ಬೇಕಾಗಿಲ್ಲ. ಅದರ ಗುಟ್ಟು ಇಷ್ಟೆ: ನೆಟ್ಟಗಿನ ಕೀಲು ಗಾಲಿಯ ಅಚ್ಚಿನ ನೇರ ಮೇಲೆ ಇರುವುದಿಲ್ಲ, ಒಂದೆರಡು ಅಂಗುಲ ಸರಿದು ನಿಂತಿರುತ್ತದೆ. ಕುರ್ಚಿಯನ್ನು ನೀವು ಯಾವ ಕಡೆಗೆ ತಳ್ಳಿದರೂ ಕೀಲು ಮೊದಲು ಆ ಕಡೆಗೆ ಹೊರಡುತ್ತದೆ. ನೆಲದ ತಿಕ್ಕಾಟ ಗಾಲಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಹಗ್ಗ ಹಿಡಿದವನ ಹಿಂದೆ ಕರು ಬರುವಂತೆ ಗಾಲಿ ಕೀಲಿನ ಹಿಂದೆ ಬಂದು ತಾನಾಗಿ ನೇರವಾಗುತ್ತದೆ. ಕೀಲನ್ನೂ ಅಚ್ಚನ್ನೂ ಒಂದೇ ಗೆರೆಗೆ ತಂದು ನಿಲ್ಲಿಸಿದರೆ ಈ ಗುಣ ಹೋಯಿತು. ಗಾಲಿ ಎತ್ತ ಮುಖ ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಒಳ್ಳೆಯ ತಿರುಗುಗಾಲಿಯಲ್ಲಿ ಕೀಲಿನ ಸುತ್ತ ಉಕ್ಕಿನ ಸಣ್ಣ ಗುಂಡುಗಳ ಬಳೆಯಿರುತ್ತದೆ. ಹೊರೆ ಹೊತ್ತಾಗಲೂ ಅದು ಹಗುರಾಗಿ ಹೊರಳುವುದು ಈ ಗುಂಡುಗಳಿಂದ.

ಕುರ್ಚಿಗೆ ಈ ಭಾಗ್ಯ ಬಂದು ಬಹುಕಾಲವಾಗಲಿಲ್ಲ. ಜೀವವಿಕಾಸದ ವಿಚಾರ ಬರೆದ ಚಾರ್ಲ್ಸ್ ಡಾರ್ವಿನ್ ತನ್ನ ಕೋಣೆಯಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಬೇಗ ಸರಿಯಲೆಂದು ಕುರ್ಚಿಗೆ ಗಾಲಿ ಹಾಕಿಸಿಕೊಂಡಿದ್ದ. 1849ರಲ್ಲಿ ಅಮೆರಿಕದ ತಾಮಸ್ ವಾರನ್ ಎಂಬವನು ಸ್ಪ್ರಿಂಗು, ತಿರುಗಣಿ, ಗಾಲಿ ಮೂರನ್ನೂ ಕೂಡಿಸಿ ಒಂದು ಕುರ್ಚಿ ಮಾಡಿದ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಜನ ನೋಡಿದರು.

ಇಂದಿನ ಆಫೀಸಿನ ಕುರ್ಚಿಗೆ ಐದು ಕಾಲುಗಳಿರುವುದನ್ನು ಎಣಿಸಿ ನೋಡಿರಿ. ಇದು ಅಂದಕ್ಕಾಗಿ ಅಲ್ಲ. ನಡುವಿನ ಕಂಬದಿಂದ ಪ್ರತಿ ಕಾಲೂ 12 ಅಂಗುಲ ಚಾಚಿದೆಯೆನ್ನಿ. ಅಕ್ಕಪಕ್ಕದ ಎರಡು ಗಾಲಿಗಳನ್ನು ಸೇರಿಸುವ ಗೆರೆಯಾಚೆಗೆ ಭಾರ ಹೋದರೆ ಕುರ್ಚಿ ಮಗುಚುತ್ತದೆ. ಮೂರು ಕಾಲಿದ್ದರೆ ಆ ಗೆರೆ ಕಂಬದಿಂದ 6 ಅಂಗುಲದಲ್ಲೇ ಬರುತ್ತದೆ. ನಾಲ್ಕಿದ್ದರೆ ಸುಮಾರು ಎಂಟೂವರೆ ಅಂಗುಲ. ಐದಿದ್ದರೆ ಹತ್ತಕ್ಕೆ ಸ್ವಲ್ಪ ಕಡಿಮೆ. ಓಡಾಡುವ ಕುರ್ಚಿಯಲ್ಲಿ ಕೂತವನು ಹಿಂದಿನ ಕಪಾಟಿನ ಕಡತಕ್ಕೆ ಕೈ ಚಾಚಿದಾಗ ಈ ಒಂದು ಅಂಗುಲವೇ ಅವನ ಸೊಂಟವನ್ನು ಉಳಿಸುತ್ತದೆ. ಪ್ರತಿ ಗಾಲಿಯೂ ಜೋಡಿಬಿಲ್ಲೆಯಂತೆ ಎರಡಾಗಿರುವುದಕ್ಕೂ ಕಾರಣವುಂಟು. ನಿಂತಲ್ಲೇ ಹೊರಳುವಾಗ ಒಂದು ಬಿಲ್ಲೆ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಉರುಳುತ್ತವೆ. ನೆಲ ಕೆರೆಯುವುದು ಕಡಿಮೆಯಾಗುತ್ತದೆ.

ಕಾರ್ಖಾನೆಯ ಗಾಡಿಯ ನ್ಯಾಯ ಬೇರೆ. ಅಲ್ಲಿ ನಾಲ್ಕು ಗಾಲಿಗಳಲ್ಲಿ ಎರಡು ಮಾತ್ರ ತಿರುಗುತ್ತವೆ, ಎರಡು ನೇರವಾಗಿ ನಿಂತಿರುತ್ತವೆ. ನಾಲ್ಕೂ ತಿರುಗಿದರೆ ಗಾಡಿ ಯಾರ ಮಾತನ್ನೂ ಕೇಳದೆ ಓರೆಯಾಗಿ ಸರಿಯುತ್ತದೆ. ಆಸ್ಪತ್ರೆಯ ಸ್ಟ್ರೆಚರಿಗಾದರೋ ಇಕ್ಕಟ್ಟಾದ ಲಿಫ್ಟಿನೊಳಗೆ ಅಡ್ಡ ಸರಿಯಬೇಕಾದ ಅಗತ್ಯವಿರುವುದರಿಂದ ನಾಲ್ಕೂ ತಿರುಗುತ್ತವೆ; ಉದ್ದನೆಯ ಓಣಿಯಲ್ಲಿ ನೇರವಾಗಿ ಹೋಗಲೆಂದು ಒಂದನ್ನು ಕಾಲಿನಿಂದ ಒತ್ತಿ ಬಿಗಿಮಾಡುವ ಏರ್ಪಾಡು ಇಟ್ಟಿರುತ್ತಾರೆ. ಭಾರದ ಲೆಕ್ಕದಲ್ಲಿಯೂ ಅನುಭವಸ್ಥರ ನಿಯಮವೊಂದುಂಟು. ನಾಲ್ಕು ಗಾಲಿಗಳಿದ್ದರೂ ಹೊರೆಯನ್ನು ಮೂರರಿಂದ ಭಾಗಿಸಿ, ಅಷ್ಟು ತಾಳುವ ಗಾಲಿಯನ್ನು ಆರಿಸಬೇಕು. ನೆಲ ಎಷ್ಟೇ ಸಮನೆಂದರೂ ಒಂದು ಗಾಲಿ ಯಾವಾಗಲೋ ಒಮ್ಮೆ ಅಂತರಿಕ್ಷದಲ್ಲಿರುತ್ತದೆ.

ಭಾರವೆಂದಾಗ ನಮ್ಮ ತಾಲೂಕಿನವರಿಗೆ ನೆನಪಾಗುವುದು ಧರ್ಮಸ್ಥಳದ ಬಾಹುಬಲಿ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಆ ಏಕಶಿಲಾಮೂರ್ತಿ 1973ರಲ್ಲಿ ಹಲವು ಗಾಲಿಗಳ ಟ್ರಾಲಿಯ ಮೇಲೆ ಮಲಗಿ ಧರ್ಮಸ್ಥಳಕ್ಕೆ ಬಂತು. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟನನ್ನು ಇಪ್ಪತ್ತು ಬಂಡಿಗಳ ಮೇಲೆ ಎಳೆದು ಬೆಟ್ಟಕ್ಕೇರಿಸಿದರೆಂದು ಐತಿಹ್ಯ. ಎರಡಕ್ಕೂ ಮೂಲಸೂತ್ರ ಒಂದೇ: ಹೊರೆಯನ್ನು ಹಲವು ಗಾಲಿಗಳಿಗೆ ಹಂಚಬೇಕು. ಇಂದಿನ ಭಾರಿ ಟ್ರೇಲರುಗಳಲ್ಲಿ ಗಾಲಿಗಳ ಒಂದೊಂದು ಗುಂಪಿಗೂ ತನ್ನದೇ ತಿರುಗಣಿ ಇರುತ್ತದೆ. ಆದ್ದರಿಂದಲೇ ಅವು ಘಟ್ಟದ ತಿರುವುಗಳಲ್ಲಿ ಹೊರಳಬಲ್ಲವು. ಆದರೆ ಅಂತಹ ಸಾಗಣೆಗೆ ಮೊದಲು ದಾರಿಯನ್ನು ಸರಿಮಾಡುತ್ತಾರೆ. ಮೋರಿ ತಾಳೀತೇ, ತಿರುವು ಸಾಕೇ ಎಂದು ನೋಡುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿರಿ. ಗಾಲಿ ಎಷ್ಟೇ ಜಾಣನಾಗಿರಲಿ, ನೆಲ ಒಪ್ಪದೆ ಅದು ನಡೆಯದು.

ಸಣ್ಣ ಗಾಲಿಗಂತೂ ಈ ಮಾತು ನೂರಕ್ಕೆ ನೂರು ಸತ್ಯ. ಆಳೆತ್ತರಕ್ಕೆ ಸಮೀಪದ ಬಂಡಿಯ ಗಾಲಿ 2 ಅಂಗುಲದ ಕಲ್ಲನ್ನು ಲೆಕ್ಕಿಸದೆ ದಾಟುತ್ತದೆ. ಆದರೆ ಅಡ್ಡಬಂದ ಕಲ್ಲು ಗಾಲಿಯ ಅಚ್ಚಿನಷ್ಟೇ ಎತ್ತರವಾಯಿತೆಂದರೆ, ಹಿಂದಿನಿಂದ ಎಷ್ಟು ನೂಕಿದರೂ ಗಾಲಿ ಏರದು; ಅದಕ್ಕೆ ಅದು ಕಲ್ಲಲ್ಲ, ಗೋಡೆ. ಈಗ ರೋಗಿಗಳೂ ನಡೆಯಲಾರದವರೂ ಬಳಸುವ ಗಾಲಿಕುರ್ಚಿಯನ್ನು ನೋಡಿರಿ. ಹಿಂದೆ ಎರಡು ದೊಡ್ಡ ಗಾಲಿಗಳು. ಮುಂದೆ ಎರಡು ತಿರುಗುಗಾಲಿಗಳು. ಮುಂದಿನವು ಸಾಮಾನ್ಯವಾಗಿ 5ರಿಂದ 8 ಅಂಗುಲ ಅಡ್ಡಳತೆಯವು. 6 ಅಂಗುಲದ ಗಾಲಿಗೆ 3 ಅಂಗುಲದ ಹೊಸ್ತಿಲು ಗೋಡೆಯಾಯಿತು. ನಮ್ಮ ಕಡೆಯ ಹಳೆಯ ಮನೆಗಳ ಹೊಸ್ತಿಲು ಅದಕ್ಕಿಂತ ಎತ್ತರ. ಅಂಗಳದಿಂದ ಜಗಲಿಗೆ ಮುರಕಲ್ಲಿನ ಎರಡು ಮೂರು ಮೆಟ್ಟಿಲು. ಶಾಲೆಯಲ್ಲಿ ಜಗಲಿ, ಪಂಚಾಯತು ಕಟ್ಟಡದಲ್ಲಿ ಮೆಟ್ಟಿಲು, ಬ್ಯಾಂಕಿಗೆ ಮಹಡಿ. ಮಡಂತ್ಯಾರಿನಂತಹ ಹೆದ್ದಾರಿಯ ಪೇಟೆಯಲ್ಲಿ ನಿಂತು ಎಷ್ಟು ಅಂಗಡಿಗಳ ಬಾಗಿಲಿಗೆ ಗಾಲಿಕುರ್ಚಿ ತಾನಾಗಿ ಹೋದೀತೆಂದು ಒಮ್ಮೆ ಎಣಿಸಿದರೆ, ನಾವು ಯಾರನ್ನು ಹೊರಗೆ ನಿಲ್ಲಿಸಿದ್ದೇವೆಂಬುದು ತಿಳಿದೀತು.

ಗಾಲಿಕುರ್ಚಿ ಕೊಡಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವುದುಂಟು. ದಾನ ಕೊಟ್ಟವರ ಹೆಸರು ಕುರ್ಚಿಯ ಬೆನ್ನಿನ ಮೇಲೆ ಬರೆದಿರುತ್ತದೆ. ಕುರ್ಚಿ ಜಗಲಿಯ ಮೂಲೆಯಲ್ಲಿ ನಿಂತಿರುತ್ತದೆ. ಹತ್ತನೆಯ ತರಗತಿಯ ಹುಡುಗಿಯನ್ನು ದಿನವೂ ಇಬ್ಬರು ಎತ್ತಿ ತರಗತಿಯೊಳಗೆ ಕೂರಿಸುವುದು ದಯೆಯೇ ಸರಿ. ಆದರೆ ಆ ವಯಸ್ಸಿನ ಹುಡುಗಿಗೆ ದಯೆಗಿಂತ ಬೇಕಾದದ್ದು ಒಂದು ಇಳಿಜಾರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳು ಇಂತಹವರಿಗೆ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸಿದೆ. ಕಾಯಿದೆ ದಿಲ್ಲಿಯಲ್ಲಿ ಆಯಿತು. ಸಿಮೆಂಟು ಕಲಸಬೇಕಾದವರು ನಾವು.

ಅದರ ಲೆಕ್ಕ ಕಷ್ಟವಲ್ಲ. 1 ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ. 6 ಅಂಗುಲದ ಒಂದು ಮೆಟ್ಟಿಲಿಗೆ 6 ಅಡಿಯ ಇಳಿಜಾರು. 15 ಅಂಗುಲದ ಜಗಲಿಗೆ 15 ಅಡಿ. ಜಾಗ ಉಳಿಸಲೆಂದು ಕಡಿದಾಗಿ ಕಟ್ಟಿದರೆ ಏರುವವನು ಹಿಂದಕ್ಕೆ ಮಗುಚಿಯಾನು. ಎರಡು ಬದಿಗೂ ಕೈಹಿಡಿ ಇರಲಿ. ನಮ್ಮ ಮಳೆಗಾಲದಲ್ಲಿ ನಯವಾದ ಸಿಮೆಂಟಿಗೆ ಪಾಚಿ ಹಿಡಿಯುವುದರಿಂದ ಮೇಲ್ಮೈಯನ್ನು ಒರಟಾಗಿಯೇ ಬಿಡಬೇಕು.

ಇಳಿಜಾರು ಇಲ್ಲದೆಡೆ ಗಾಲಿಕುರ್ಚಿಯನ್ನು ನಡೆಸುವವರು ಒಂದು ರೀತಿಯನ್ನು ಕಲಿತಿರಬೇಕು. ಮೆಟ್ಟಿಲು ಏರುವಾಗ ಕುರ್ಚಿಯನ್ನು ಹಿಂದಕ್ಕೆ ಓರೆಮಾಡಿ, ಮುಂದಿನ ಸಣ್ಣ ಗಾಲಿಗಳನ್ನು ಎತ್ತಿ ಮೇಲಿಟ್ಟು, ಅನಂತರ ದೊಡ್ಡ ಗಾಲಿಗಳನ್ನು ಏರಿಸಬೇಕು. ಇಳಿಯುವಾಗ ಕುರ್ಚಿಯ ಬೆನ್ನು ಮುಂದಾಗಿ, ದೊಡ್ಡ ಗಾಲಿ ಮೊದಲು ಇಳಿಯಬೇಕು. ಕೂತವರನ್ನು ಕೇಳದೆ ಕೈ ಹಾಕಬಾರದು. ಅವರು ಏಳುವಾಗ ಕೂರುವಾಗ ತಡೆಯನ್ನು ಬಿಗಿಮಾಡದೆ ಇರಬಾರದು. ಇನ್ನು ಗಾಲಿಯ ಆರೈಕೆ. ಅಚ್ಚಿಗೆ ಸುತ್ತಿಕೊಳ್ಳುವ ಕೂದಲು, ದಾರಗಳನ್ನು ತಿಂಗಳಿಗೊಮ್ಮೆ ತೆಗೆದು ಒಂದು ತೊಟ್ಟು ಎಣ್ಣೆ ಬಿಟ್ಟರೆ ಕರಾವಳಿಯ ತುಕ್ಕಿನಿಂದ ಅದು ಬಹುಮಟ್ಟಿಗೆ ಪಾರಾದೀತು.

ಬಂಡಿಗೆ ಕಡೆಗೀಲು ಸಣ್ಣದಾದರೂ ಅದಿಲ್ಲದೆ ಪಯಣವಿಲ್ಲವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ತಿರುಗುಗಾಲಿಯೂ ಅಂತಹ ಸಣ್ಣ ವಸ್ತು. ಯಾವ ದಿಕ್ಕಿಗಾದರೂ ತಾನಾಗಿ ಹೊರಳುವ ವಿದ್ಯೆ ಅದರಲ್ಲಿದೆ. ಹೊಸ್ತಿಲು ದಾಟುವ ವಿದ್ಯೆ ಮಾತ್ರ ಇಲ್ಲ. ಮುಂದಿನ ಬಾರಿ ಮನೆಗೋ ಅಂಗಡಿಗೋ ಸಿಮೆಂಟು ಕೆಲಸಕ್ಕೆಂದು ಮೇಸ್ತ್ರಿಯನ್ನು ಕರೆದಾಗ, ಬಾಗಿಲ ಎದುರಿನ ಈ ಇಳಿಜಾರಿನ ಮಾತನ್ನೂ ಅವನ ಕಿವಿಗೆ ಹಾಕಿರಿ.