ಟಿ.ಸಿ. ತರುವ ಮೊದಲು ವಿದ್ಯಾರ್ಥಿವೇತನ ವಿಚಾರಿಸಿ

(ನಿರ್ಣಾದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮೊದಲೆಲ್ಲಾ ಸಂಘದ ಸಾಲದ ಪುಸ್ತಕದಲ್ಲಿ ಎಮ್ಮೆಗೆ, ಬೀಜ-ಗೊಬ್ಬರಕ್ಕೆ, ಮದುವೆಗೆ ಅಂತ ಬರೆಸುತ್ತಿದ್ದಿರಿ. ಈಗ "ಮಗಳ ಕಾಲೇಜಿಗೆ" ಅಂತ ಬರೆಸುತ್ತೀರಿ. ಇದು ನಮಗೆ ಬಹಳ ಸಂತೋಷದ ಸಂಗತಿ. ಆದರೆ ಓದು ಅರ್ಧಕ್ಕೆ ನಿಲ್ಲುವ ಒಂದು ಜಾಗವನ್ನು ನಾವು ಮತ್ತೆ ಮತ್ತೆ ನೋಡುತ್ತಿದ್ದೇವೆ. ಇವತ್ತು ಅದರ ಬಗ್ಗೆ ಮಾತಾಡೋಣ.

ನಮಗೆ ಗೊತ್ತಿರುವ ಒಂದು ಮನೆಯ ಕಥೆ ಹೇಳುತ್ತೇವೆ. ಹೆಸರು ಬೇಡ. ಮಗಳು ಬಿ.ಎ. ಓದುತ್ತಿದ್ದಳು. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗೀತು, ಕಲಬುರಗಿ ಕಡೆ ಮದುವೆ ಆಯಿತು. ಅತ್ತೆ ಮನೆಯವರು "ಇಲ್ಲೇ ಓದ್ಲಿ" ಅಂದರು. ಅಪ್ಪ ಖುಷಿಯಿಂದ ಮರುವಾರವೇ ಟಿ.ಸಿ. ತಂದರು. ಆಮೇಲೆ ವಿದ್ಯಾರ್ಥಿವೇತನ ಕೇಳಲು ಹೋದರೆ ಹಳೇ ಕಾಲೇಜಿನವರು "ನಿಮ್ಮ ಹುಡುಗಿ ನಮ್ಮಲ್ಲಿ ಇಲ್ಲ" ಅಂದರು. ಹೊಸ ಕಾಲೇಜಿನವರು "ಅರ್ಜಿ ನಮ್ಮಲ್ಲಿಂದ ಹೋಗಿಲ್ಲ" ಅಂದರು. ತಾಯಿ ನಮ್ಮ ಹತ್ತಿರ ಬಂದು, "ಸಿಸ್ಟರ್, ಟಿ.ಸಿ. ತಂದೀವ್ರಿ, ಈಗ ಏನ್ ಮಾಡ್ಲಿ?" ಅಂತ ಅತ್ತರು. ಅಷ್ಟರಲ್ಲಿ ಅತ್ತೆ ಮನೆಯಲ್ಲಿ "ರೊಕ್ಕ ಬರಲ್ಲಂದ್ರ ಓದು ಯಾಕ?" ಅನ್ನುವ ಮಾತು ಶುರುವಾಗಿತ್ತು. ಆ ಹುಡುಗಿಗೆ ಒಂದು ವರ್ಷ ಹಾಳಾಯಿತು.

ಇಲ್ಲಿ ತಪ್ಪಿದ್ದು ಎಲ್ಲಿ? ಸೆಮಿಸ್ಟರ್ ಆರು ತಿಂಗಳಿನದ್ದು, ವಿದ್ಯಾರ್ಥಿವೇತನ ಒಂದು ವರ್ಷದ್ದು. ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದು ವರ್ಷಕ್ಕೊಮ್ಮೆ, ಒಂದು ಕಾಲೇಜಿನ ಹೆಸರಿನಲ್ಲಿ. ವರ್ಷದ ನಡುವೆ ಹುಡುಗಿ ಜಾಗ ಬದಲಿಸಿದರೂ ಅರ್ಜಿ ಹಳೇ ಜಾಗದಲ್ಲೇ ಉಳಿಯುತ್ತದೆ.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆಯಲ್ಲ, ಅದಕ್ಕೆ ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಬಾರದು. ಅದರ ನಿಯಮದಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿದೆ: ಮೊದಲೇ ಸರ್ಕಾರದ ಒಪ್ಪಿಗೆ ಪಡೆಯದೆ ಕಾಲೇಜನ್ನಾಗಲಿ, ವಿಷಯವನ್ನಾಗಲಿ ಬದಲಿಸಿದರೆ ವೇತನ ರದ್ದು ಮಾಡಬಹುದು. ವರ್ಷದ ನಡುವೆ ಓದು ಬಿಟ್ಟರೆ ಕೊಟ್ಟ ಹಣವನ್ನೂ ವಾಪಸ್ ಕೇಳಬಹುದು. ಬೇರೆ ಇಲಾಖೆಯ ವೇತನ ಪಡೆಯುವವರೂ ತಮ್ಮ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಆದ್ದರಿಂದ ಈ ಕೆಲಸಗಳನ್ನು ಕ್ರಮವಾಗಿ ಮಾಡಿರಿ:

1. ಆದಷ್ಟು ಮಟ್ಟಿಗೆ ವರ್ಷ ಮುಗಿದ ಮೇಲೆ ಬದಲಿಸಿ. ಅಂದರೆ ಎರಡನೇ ಅಥವಾ ನಾಲ್ಕನೇ ಸೆಮಿಸ್ಟರ್ ಆದ ಮೇಲೆ. ಆಗ ಹೊಸ ವರ್ಷದ ಅರ್ಜಿಯನ್ನು ಹೊಸ ಕಾಲೇಜಿನಿಂದಲೇ ಹಾಕಬಹುದು.

2. ಹೊಸ ಕಾಲೇಜಿನಲ್ಲಿ ಸೀಟು ಇದೆಯೇ, ಅದೇ ವಿಷಯಗಳು ಇವೆಯೇ ಅಂತ ಬರಹದಲ್ಲಿ ಪಡೆಯಿರಿ. ಬೀದರ್ ವಿಶ್ವವಿದ್ಯಾಲಯ 2023ರಲ್ಲಿ ಬೇರೆ ಆಯಿತು. ಹುಮನಾಬಾದ ಕಡೆಯಿಂದ ಕಲಬುರಗಿಗೆ ಹೋಗುವುದೆಂದರೆ ಈಗ ವಿಶ್ವವಿದ್ಯಾಲಯವೂ ಬದಲಾಗಬಹುದು. ಆಗ ವಿಶ್ವವಿದ್ಯಾಲಯದ ಅನುಮತಿಗೆ ದಿನ ಹಿಡಿಯುತ್ತದೆ.

3. ಟಿ.ಸಿ.ಗೆ ಮೊದಲು ಇಲಾಖೆಯ ಕಚೇರಿಗೆ ಅರ್ಜಿ ಕೊಡಿ. ಯಾಕೆ ಬದಲಿಸುತ್ತಿದ್ದೇವೆ ಅಂತ ಬರೆಯಿರಿ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿ ಮಾತು ನಂಬಿ ಬರಬೇಡಿ.

4. ಹಾಸ್ಟೆಲಿನಲ್ಲಿದ್ದರೆ ವಾರ್ಡನ್‌ಗೂ ಹೇಳಿ. ಕಾಲೇಜು ಬದಲಾದರೆ ಹಾಸ್ಟೆಲ್ ಸೀಟು ತಾನಾಗಿ ಹಿಂದೆ ಬರುವುದಿಲ್ಲ.

5. ಆಧಾರ್‌ಗೆ ಜೋಡಿಸಿದ ಖಾತೆ ಯಾವುದು ನೋಡಿ. ಅತ್ತೆ ಮನೆಯ ಊರಲ್ಲಿ ಹೊಸ ಖಾತೆ ತೆಗೆದು ಆಧಾರ್ ಜೋಡಿಸಿದರೆ ಹಣ ಅಲ್ಲಿಗೇ ಹೋಗುತ್ತದೆ. ಹಳೇ ಪಾಸ್‌ಬುಕ್ ಹಿಡಿದು ಕಾಯುವವರನ್ನು ನಾವು ನೋಡಿದ್ದೇವೆ.

6. ಮದುವೆಯಾದವಳಿಗೆ ನೌಕರಿ ಇಲ್ಲದಿದ್ದರೆ, ಈ ಯೋಜನೆಯಲ್ಲಿ ಗಂಡನ ವರಮಾನ ಲೆಕ್ಕಕ್ಕೆ ಬರುತ್ತದೆ. ಹೊಸ ವರಮಾನ ಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ. ಜಾತಿ ಮಾತ್ರ ಹುಟ್ಟಿದ ಮನೆಯದೇ. ಡಿಗ್ರಿ ಮುಗಿಯುವ ತನಕ ಆಧಾರ್‌ನಲ್ಲಿ ಹೆಸರು ಬದಲಿಸುವ ಅವಸರ ಬೇಡ. ಅಂಕಪಟ್ಟಿಯ ಹೆಸರು ಹೊಂದಬೇಕು.

7. ಬ್ಯಾಂಕಿನ ಶಿಕ್ಷಣ ಸಾಲ ಇದ್ದರೆ ಮ್ಯಾನೇಜರರಿಗೆ ತಿಳಿಸಿ. ಬ್ಯಾಂಕು ಫೀಸನ್ನು ನೇರ ಕಾಲೇಜಿಗೆ ಕಟ್ಟುತ್ತದೆ. ಹೊಸ ಕಾಲೇಜಿನ ಪ್ರವೇಶ ಪತ್ರ, ಫೀಸಿನ ವಿವರ ಕೊಟ್ಟ ಮೇಲೆಯೇ ಮುಂದಿನ ಕಂತಿನ ಮಾತು.

ಇನ್ನೊಂದು ವಿಷಯ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ. ಆದರೆ ವರ್ಷದ ನಡುವೆ ಬಿಟ್ಟರೆ ಕಟ್ಟಿದ ಫೀಸು ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಪ್ರವೇಶದ ಕೊನೇ ದಿನ ಕಳೆದು ಒಂದು ತಿಂಗಳು ದಾಟಿದರೆ ಆ ಪ್ರಕಟಣೆಯಂತೆ ಏನೂ ಸಿಗುವುದಿಲ್ಲ.

ಈಗ ಇನ್ನೊಂದು ಮನೆಯ ಮಾತು. ಅಲ್ಲಿಯೂ ಮೂರನೇ ಸೆಮಿಸ್ಟರ್ ಆದ ಮೇಲೆ ಮದುವೆ. ಆದರೆ ತಾಯಿ ಬೀಗರ ಜೊತೆ ಮೊದಲೇ ಮಾತಾಡಿದರು: "ನಾಲ್ಕು ತಿಂಗಳು ನಮ್ಮ ಮನ್ಯಾಗ ಇದ್ದು ಪರೀಕ್ಷೆ ಬರೀಲಿ, ಆಮೇಲೆ ಕರ್ಕೊಂಡು ಹೋಗ್ರಿ." ಬೀಗರು ಒಪ್ಪಿದರು. ಬಸ್ ಖರ್ಚಿಗೆ, ಪರೀಕ್ಷೆ ಫೀಸಿಗೆ ಸಂಘ ಸಾಲ ಕೊಟ್ಟಿತು. ಆ ವರ್ಷದ ವೇತನ ಹಳೇ ಕಾಲೇಜಿನಿಂದಲೇ ಬಂತು, ಸಾಲ ತೀರಿತು. ಐದನೇ ಸೆಮಿಸ್ಟರಿಗೆ ಹುಡುಗಿ ಗಂಡನ ಊರಿನ ಕಾಲೇಜಿಗೆ ಸೇರಿದಳು.

ನೋಡ್ರಿ, ಎರಡೂ ಮನೆಯಲ್ಲಿ ಬಡತನ ಒಂದೇ, ಪ್ರೀತಿ ಒಂದೇ. ಒಬ್ಬರು ಟಿ.ಸಿ. ಮೊದಲು ತಂದರು, ಇನ್ನೊಬ್ಬರು ಮೊದಲು ಕೇಳಿದರು. ಅಷ್ಟೇ ವ್ಯತ್ಯಾಸ.

ಸಂಘಗಳಿಗೆ ನಮ್ಮ ವಿನಂತಿ ಇದು. ಯಾರ ಮಗಳು ಯಾವ ಕಾಲೇಜು, ಯಾವ ಸೆಮಿಸ್ಟರ್, ವೇತನದ ಅರ್ಜಿ ಹಾಕಿದ್ದಾಳೋ ಇಲ್ಲವೋ ಅಂತ ತಿಂಗಳ ಸಭೆಯಲ್ಲಿ ಒಂದು ಸಾಲು ಬರೆದಿಡಿ. ವೇತನ ತಡವಾದಾಗ ಕೈಗಡಕ್ಕೆ, ಫೈನಾನ್ಸಿನವರ ಬಡ್ಡಿಗೆ ಹೋಗದಂತೆ ಸಂಘದ ಉಳಿತಾಯದಿಂದ ಸಣ್ಣ ಸಾಲ ಕೊಡಿ. ಮದುವೆ ಮಾತುಕತೆಯಲ್ಲಿ ಬಂಗಾರ, ಬಟ್ಟೆ ಮಾತಾಡುತ್ತೀರಿ. ಅದರ ಜೊತೆ ಮಗಳ ಉಳಿದ ಸೆಮಿಸ್ಟರುಗಳ ಮಾತೂ ಬರಲಿ.